ನೀರುನಾಯಿ ಕಂಡರೆ ಶುಭವೋ, ಬಲೆ ಹರಿಯುವ ಪೀಡೆಯೋ?

ಪ್ರಶ್ನೆ: ನಮ್ಮೂರು ಕಂಪ್ಲಿ ಹತ್ತಿರ, ತುಂಗಭದ್ರೆಯ ದಂಡೆಯಲ್ಲಿದೆ. ಕಳೆದ ತಿಂಗಳು ಬೆಳಗಿನ ಜಾವ ಹೊಳೆಗೆ ಹೋದಾಗ ಬಂಡೆ ಮೇಲೆ ಆರು ನೀರುನಾಯಿಗಳು ಕಂಡವು. ಒಂದಂತೂ ಎದ್ದು ನಿಂತು ನನ್ನನ್ನೇ ನೋಡುತ್ತಿತ್ತು. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ‘ನೀರುನಾಯಿ ಕಂಡರೆ ಬದುಕಿಗೆ ಸಂತೋಷ ಬರುತ್ತದೆ, ಅದು ನಿಮ್ಮ ಆತ್ಮದ ಪ್ರಾಣಿ’ ಅಂತೆಲ್ಲ ಬರೆದಿತ್ತು. ನಮ್ಮ ಮಾವ ಮೀನು ಹಿಡಿಯುವವರು. ಅವರಿಗೆ ಹೇಳಿದರೆ, ‘ಸಂತೋಷ ಎಲ್ಲಿಂದ ಬರಬೇಕು, ಬಲೆ ಹರಿಯೋ ಪೀಡೆ ಅದು’ ಅಂದರು. ನಮ್ಮ ಹಿಂದಿನವರು ಇದಕ್ಕೆ ಏನಾದರೂ ಅರ್ಥ ಹೇಳಿದ್ದಾರಾ? ಅದರ ಚಿತ್ರ ಮನೆಯಲ್ಲಿ ಇಡಬಹುದಾ?

ಉತ್ತರ: ಮೊದಲು ನಿಮ್ಮ ಮಾವನವರಿಗೆ ನನ್ನ ನಮಸ್ಕಾರ ತಿಳಿಸಿ. ಮೊಬೈಲಿನಲ್ಲಿ ಸಿಕ್ಕ ಮಾತಿಗಿಂತ ಅವರ ಮಾತು ಹಳೆಯ ಕಥೆಗಳಿಗೆ ಹತ್ತಿರ ಇದೆ. ತಮಾಷೆಗೆ ಹೇಳುತ್ತಿಲ್ಲ. ಲೋಕದ ನೀರುನಾಯಿ ಕಥೆಗಳನ್ನೆಲ್ಲ ಒಂದು ಕಡೆ ಹರವಿಕೊಂಡು ಕೂತರೆ ಸಂತೋಷದ ಮಾತು ಬಹಳ ಕಡಿಮೆ. ಮತ್ತೆ ಮತ್ತೆ ಬರುವುದು ಎರಡು ವಸ್ತು. ಒಂದು ಅದರ ಬಾಯಲ್ಲಿರುವ ಮೀನು, ಇನ್ನೊಂದು ಅದರ ಮೈಮೇಲಿನ ಚರ್ಮ. ಮೀನನ್ನು ಅದು ಮನುಷ್ಯನಿಗೆ ಕೊಡುತ್ತದೆ, ಇಲ್ಲವೇ ಅವನಿಂದ ಕದಿಯುತ್ತದೆ. ಚರ್ಮವನ್ನು ಮನುಷ್ಯ ಅದರಿಂದ ಕಿತ್ತುಕೊಳ್ಳುತ್ತಾನೆ.

ಹೆಸರಿನಿಂದಲೇ ಶುರು ಮಾಡೋಣ. ನಾವು ನೀರುನಾಯಿ ಅನ್ನುತ್ತೇವೆ. ತಮಿಳರಿಗೂ ಮಲಯಾಳಿಗಳಿಗೂ ಅದು ನೀರಿನ ನಾಯಿಯೇ. ತೆಲುಗರು ನೀಟಿಕುಕ್ಕ ಅನ್ನುತ್ತಾರೆ. ಮರಾಠಿಯವರಿಗೆ ಮಾತ್ರ ಅದು ಬೆಕ್ಕಿನ ಹಾಗೆ ಕಂಡಿದೆ, ಪಾಣಮಾಂಜರ. ಹಿಂದಿಯ ಊದ್‌ಬಿಲಾವ್ ಕೂಡ ಬೆಕ್ಕೇ. ಅಷ್ಟು ದೂರದ ಐರ್ಲೆಂಡ್, ವೇಲ್ಸ್‌ಗೆ ಹೋದರೆ ಮತ್ತೆ ನಾಯಿ! ವೇಲ್ಸ್ ಭಾಷೆಯಲ್ಲಿ ನೀರಿಗೆ ಒಂದು ಪದ, ನಾಯಿಗೆ ಒಂದು ಪದ, ಎರಡನ್ನೂ ಅಂಟಿಸಿ ‘ಡೂರ್ಗಿ’ ಎಂದಿದ್ದಾರೆ. ಇವರು ಯಾರೂ ಒಬ್ಬರನ್ನೊಬ್ಬರು ಕೇಳಿ ಹೆಸರಿಟ್ಟವರಲ್ಲ. ದಂಡೆಯಲ್ಲಿ ನಿಂತು ನೋಡಿದವರಿಗೆಲ್ಲ ಹಾಗೇ ಕಂಡಿದೆ, ಅಷ್ಟೆ.

ಸಂಸ್ಕೃತದಲ್ಲಿ ಇದರ ಹೆಸರು ಉದ್ರ. ನಮ್ಮ ಉಡ ಬೇರೆ, ಗೊಂದಲ ಬೇಡ. ಉದ್ರ, ಉದಕ ಎರಡೂ ಒಂದೇ ಬೇರಿನ ಮಾತು. ಇಂಗ್ಲಿಷಿನ ‘ಆಟರ್’ ಕೂಡ ಅದೇ ಬೇರಿನಿಂದ ಬಂದದ್ದು. ಯಜುರ್ವೇದದಲ್ಲಿ ಅಶ್ವಮೇಧದ ಸಂದರ್ಭಕ್ಕೆ ಒಂದು ಉದ್ದನೆಯ ಪಟ್ಟಿ ಬರುತ್ತದೆ, ಯಾವ ದೇವತೆಗೆ ಯಾವ ಪ್ರಾಣಿ ಸಲ್ಲಬೇಕು ಅಂತ. ಅದರಲ್ಲಿ ನೀರಿಗೆ ಸಲ್ಲುವುದು ಉದ್ರ. ಮುಂದೆ ಭಾಷ್ಯ ಬರೆದ ಮಹೀಧರ ಅದನ್ನು ಏಡಿ ಎಂದುಬಿಟ್ಟ! ಇನ್ನೊಂದು ಭಾಷ್ಯ ನೀರುಬೆಕ್ಕು ಎಂದು ಸರಿಯಾಗಿ ಹೇಳಿದೆ. ಪಂಡಿತರು ಹೊಳೆ ಕಡೆ ಹೋಗುವುದನ್ನು ಬಿಟ್ಟರೆ ಹೀಗೆಲ್ಲ ಆಗುತ್ತದೆ.

ನೀವು ಕೇಳಿದ ಪ್ರಶ್ನೆಗೆ ನೇರ ಉತ್ತರ ಸಿಗುವುದು ಪಕ್ಕದ ಮನೆಯಲ್ಲಿ, ಪ್ರಾಚೀನ ಇರಾನಿನಲ್ಲಿ. ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾದಲ್ಲಿ ವೆಂದಿದಾದ್ ಅಂತ ಒಂದು ಭಾಗ ಇದೆ. ಅಲ್ಲಿಯೂ ಹೆಸರು ಉದ್ರವೇ. ನಾಯಿ ಅವರಿಗೆ ಪವಿತ್ರ ಪ್ರಾಣಿ. ನಾಯಿ ಸತ್ತರೆ ಅದರ ಜೀವ ಎಲ್ಲಿಗೆ ಹೋಗುತ್ತದೆ ಎಂದು ಅಲ್ಲಿ ಪ್ರಶ್ನೆ ಬರುತ್ತದೆ. ಉತ್ತರ ಹೀಗಿದೆ: ಅದು ನೀರಿನ ಸೆಲೆಗೆ ಹೋಗುತ್ತದೆ. ಅಲ್ಲಿ ಸಾವಿರ ಗಂಡು ನಾಯಿ, ಸಾವಿರ ಹೆಣ್ಣು ನಾಯಿಗಳ ಜೀವ ಸೇರಿ ನೀರುನಾಯಿಗಳ ಒಂದು ಜೋಡಿ ಹುಟ್ಟುತ್ತದೆ. ಮನೆ ಕಾದ, ಕುರಿ ಕಾದ ಅಷ್ಟೂ ನಾಯಿಗಳ ನಿಯತ್ತು ಆ ಒಂದು ಜೋಡಿಯೊಳಗೆ ಇದೆ ಎಂದಾಯಿತು. ಅದನ್ನು ಕೊಂದರೆ? ಬರ ಬರುತ್ತದೆ. ಹುಲ್ಲುಗಾವಲು ಒಣಗುತ್ತದೆ. ಕೊಂದವನಿಗೆ ಶಿಕ್ಷೆ ಆಗಿ, ಸತ್ತ ನೀರುನಾಯಿಯ ಆತ್ಮಕ್ಕೆ ಮೂರು ಹಗಲು ಮೂರು ರಾತ್ರಿ ಬೆಂಕಿ ಉರಿಸಿ ಪೂಜೆ ಮಾಡುವ ತನಕ ಆ ಜಾಗಕ್ಕೆ ಬೆಳೆಯೂ ಇಲ್ಲ, ಆರೋಗ್ಯವೂ ಇಲ್ಲ. ಶಿಕ್ಷೆಯ ಪಟ್ಟಿ ಓದಿದರೆ ತಲೆ ತಿರುಗುತ್ತದೆ. 10,000 ಏಟು, ಬೆಂಕಿಗೆ 10,000 ಹೊರೆ ಸೌದೆ, 10,000 ಹಾವು ಕೊಲ್ಲಬೇಕು, ಹೀಗೇ ಹತ್ತು ಸಾವಿರದ ಲೆಕ್ಕದಲ್ಲೇ ಸಾಗುತ್ತದೆ. ಯಾರೂ ಪೂರ್ತಿ ಮಾಡಿ ಮುಗಿಸುವ ಲೆಕ್ಕವಲ್ಲ ಅದು. ‘ಈ ತಪ್ಪನ್ನು ಮಾಡಲೇಬೇಡ’ ಎಂದು ಹೇಳುವ ರೀತಿ ಅಂತ ನಾನು ಓದಿಕೊಳ್ಳುತ್ತೇನೆ.

ಬರಕ್ಕೂ ನೀರುನಾಯಿಗೂ ಗಂಟು ಹಾಕಿದ್ದು ಮೂಢನಂಬಿಕೆ ಎಂದು ತಳ್ಳಿಹಾಕಬೇಡಿ. ಇರಾನಿನಂಥ ಒಣ ನಾಡಿನಲ್ಲಿ ನೀರುನಾಯಿ ಇದೆ ಅಂದರೆ ವರ್ಷವಿಡೀ ಬತ್ತದ ನೀರಿದೆ, ಮೀನಿದೆ ಎಂದೇ ಅರ್ಥ. ಅದು ಮಾಯವಾದ ಹೊಳೆಯಲ್ಲಿ ನೀರಿಗೂ ಏನೋ ಆಗಿರುತ್ತದೆ. ಇಂದಿನ ವಿಜ್ಞಾನಿಗಳೂ ಹೊಳೆಯ ಆರೋಗ್ಯ ನೋಡಲು ನೀರುನಾಯಿಯ ಹೆಜ್ಜೆಯನ್ನೇ ಹುಡುಕುತ್ತಾರೆ.

ಇನ್ನು ಬುದ್ಧನ ಜಾತಕ ಕಥೆಗಳು. ಚಂದ್ರನಲ್ಲಿ ಮೊಲ ಇದೆ ಎಂದು ಮಕ್ಕಳಿಗೆ ತೋರಿಸುತ್ತೇವಲ್ಲ, ಆ ಮೊಲದ ಕಥೆಯಲ್ಲಿ ನೀರುನಾಯಿಯೂ ಇದೆ. ಮೊಲ, ಕೋತಿ, ನರಿ, ನೀರುನಾಯಿ ನಾಲ್ಕೂ ಗೆಳೆಯರು. ಉಪವಾಸದ ದಿನ ಬರುತ್ತದೆ. ಮನೆಗೆ ಬಂದ ಅತಿಥಿಗೆ ಮೊದಲು ಕೊಟ್ಟು ಆಮೇಲೆ ತಿನ್ನಬೇಕು ಎಂದು ಮೊಲ ಹೇಳುತ್ತದೆ. ನೀರುನಾಯಿ ಗಂಗೆಯ ದಂಡೆಗೆ ಹೋಗುತ್ತದೆ. ಅಲ್ಲಿ ಬೆಸ್ತನೊಬ್ಬ ಏಳು ಕೆಂಪು ಮೀನು ಹಿಡಿದು, ಬಳ್ಳಿಗೆ ಪೋಣಿಸಿ, ಮರಳಿನಲ್ಲಿ ಹೂತಿಟ್ಟು, ಇನ್ನಷ್ಟು ಹಿಡಿಯಲು ಕೆಳಗೆ ಹೋಗಿರುತ್ತಾನೆ. ನೀರುನಾಯಿ ವಾಸನೆ ಹಿಡಿದು ಮರಳು ಕೆದರುತ್ತದೆ. ‘ಇದು ಯಾರದು?’ ಅಂತ ಮೂರು ಸಲ ಕೂಗುತ್ತದೆ. ಯಾರೂ ಬರಲಿಲ್ಲ. ಸರಿ, ನನ್ನದೇ ಆಯಿತು ಎಂದು ಎತ್ತಿಕೊಂಡು ಹೋಗುತ್ತದೆ! ಆಮೇಲೆ ಬ್ರಾಹ್ಮಣನ ವೇಷದಲ್ಲಿ ಶಕ್ರ, ಅಂದರೆ ಇಂದ್ರ, ಬಂದಾಗ ಅಷ್ಟನ್ನೂ ಅವನ ಮುಂದೆ ಇಡುತ್ತದೆ. ಮೊಲದ ಹತ್ತಿರ ಏನೂ ಇರಲಿಲ್ಲ, ಅದು ತನ್ನ ಮೈಯನ್ನೇ ಕೊಡಲು ಹೋಗಿ ಚಂದ್ರನನ್ನು ಸೇರಿತು.

ಈ ಕಥೆಯನ್ನು ನಿಮ್ಮ ಮಾವನಿಗೆ ಹೇಳಿ. ಆ ಮೂರು ಕೂಗನ್ನು ಎಷ್ಟು ಮೆತ್ತಗೆ ಕೂಗಿರಬೇಕು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಕಥೆ ಕಟ್ಟಿದವನಿಗೂ ಗೊತ್ತಿತ್ತು. ಅದು ಕಳ್ಳನೂ ಹೌದು, ದಾನಿಯೂ ಹೌದು.

ಇನ್ನೊಂದು ಜಾತಕದಲ್ಲಿ ಎರಡು ನೀರುನಾಯಿಗಳು ಸೇರಿ ಒಂದು ದೊಡ್ಡ ರೋಹು ಮೀನು ಹಿಡಿಯುತ್ತವೆ. ಪಾಲಿಗೆ ಜಗಳ. ನರಿ ನ್ಯಾಯ ಹೇಳಲು ಬರುತ್ತದೆ. ದಂಡೆಯಲ್ಲಿ ತಿರುಗುವವನಿಗೆ ಬಾಲ, ಆಳದಲ್ಲಿ ತಿರುಗುವವನಿಗೆ ತಲೆ, ನ್ಯಾಯ ಹೇಳಿದವನಿಗೆ ನಡುವಿನ ತುಂಡು. ಬೆಕ್ಕುಗಳಿಗೆ ಕೋತಿ ಬೆಣ್ಣೆ ಹಂಚಿದ ಕಥೆಯ ಅಣ್ಣನೇ ಇದು. ಮಧ್ಯಪ್ರದೇಶದ ಭಾರ್ಹುತದ ಸ್ತೂಪದ ಕಲ್ಲಿನಲ್ಲೂ ಇದನ್ನು ಕೆತ್ತಿದ್ದಾರೆ.

ಚೀನಾದವರ ಕಥೆಯಂತೂ ನನಗೆ ಬಹಳ ಇಷ್ಟ. ಅವರ ಹಳೆಯ ಪಂಚಾಂಗ ವರ್ಷವನ್ನು ಸುಮಾರು ಐದೈದು ದಿನಗಳ 72 ತುಂಡುಗಳಾಗಿ ಒಡೆಯುತ್ತದೆ. ಫೆಬ್ರವರಿ ಮೂರನೇ ವಾರದ ಹೊತ್ತಿಗೆ ಬರುವ ಒಂದು ತುಂಡಿನ ಹೆಸರು ‘ನೀರುನಾಯಿ ಮೀನಿನ ನೈವೇದ್ಯ ಮಾಡುತ್ತದೆ’. ಹಿಮ ಕರಗಿ ಮೀನು ಮೇಲೆ ಬರುವ ಕಾಲ. ಹೊಟ್ಟೆಗೆ ಬೇಕಾದ್ದಕ್ಕಿಂತ ಜಾಸ್ತಿ ಸಿಕ್ಕಾಗ ನೀರುನಾಯಿ ಅಷ್ಟಿಷ್ಟು ಕಚ್ಚಿ ಮೀನುಗಳನ್ನು ದಂಡೆಯಲ್ಲಿ ಬಿಟ್ಟುಬಿಡುತ್ತದೆ. ನೋಡಿದವರಿಗೆ ಅದು ಹಿರಿಯರಿಗೆ ಎಡೆ ಇಟ್ಟ ಹಾಗೆ ಕಂಡಿತು. ಇಷ್ಟಕ್ಕೇ ನಿಂತಿದ್ದರೆ ಚೆಂದದ ಕಲ್ಪನೆ ಅನ್ನಬಹುದಿತ್ತು. ಆದರೆ ಅವರ ಪುರಾತನ ವಿಧಿಗ್ರಂಥದಲ್ಲಿ ಒಂದು ನಿಯಮವೇ ಇದೆ: ನೀರುನಾಯಿ ಎಡೆ ಇಟ್ಟ ಮೇಲೆಯೇ ಅಧಿಕಾರಿಗಳು ಮೀನುಕಟ್ಟೆಗೆ ಇಳಿಯಬೇಕು. ಅಂದರೆ ಮೊದಲ ಮೀನು ಅದರದ್ದು. ನಾವೆಲ್ಲ ಆಮೇಲೆ. ಹೊಳೆಗೆ ಯಾರು ಮೊದಲ ಹಕ್ಕುದಾರ ಎಂಬ ಪ್ರಶ್ನೆಗೆ ಇಷ್ಟು ಸೊಗಸಾದ ಉತ್ತರ ನಾನು ಬೇರೆಲ್ಲೂ ಓದಿಲ್ಲ. ತಾಂಗ್ ಕಾಲದ ಕವಿ ಲೀ ಶಾಂಗ್‌ಯಿನ್ ಪದ್ಯ ಬರೆಯುವಾಗ ಸುತ್ತಲೂ ಪುಸ್ತಕ ಹರಡಿಕೊಂಡು ಕೂರುತ್ತಿದ್ದನಂತೆ. ದಂಡೆಯಲ್ಲಿ ಮೀನು ಹರಡಿದ ಹಾಗೆ ಕಂಡು, ಅವನಿಗೆ ‘ಮೀನಿನ ನೈವೇದ್ಯ ಮಾಡುವ ನೀರುನಾಯಿ’ ಎಂದೇ ಅಡ್ಡಹೆಸರು ಬಿತ್ತು. ನನ್ನ ಮೇಜು ನೋಡಿದರೆ ನನಗೂ ಸಲ್ಲಬೇಕಾದ ಹೆಸರು.

ಜಪಾನಿನಲ್ಲಿ ಅದು ಮಾಯಾವಿ. ರಾತ್ರಿ ಹೊತ್ತು ಚೆಂದದ ಹೆಣ್ಣಾಗಿಯೋ ಮಗುವಾಗಿಯೋ ಬಂದು ದಾರಿಹೋಕರನ್ನು ಯಾಮಾರಿಸುತ್ತದೆ. ಆ ದೇಶದ ನೀರುನಾಯಿಯನ್ನು ಕೊನೆಯದಾಗಿ ಖಚಿತವಾಗಿ ಕಂಡದ್ದು 1979ರಲ್ಲಿ. 2012ರಲ್ಲಿ ಸರ್ಕಾರವೇ ಅದು ಅಳಿದುಹೋಯಿತು ಎಂದು ಘೋಷಿಸಿತು. ಚರ್ಮಕ್ಕಾಗಿ ಆದ ಬೇಟೆ ಅದಕ್ಕೊಂದು ದೊಡ್ಡ ಕಾರಣ. ಉತ್ತರದ ಐನು ಜನರ ಕಥೆಗಳಲ್ಲಿ ಅದು ಮಹಾ ಮರೆಗುಳಿ. ಅದರ ಮಾಂಸ ತಿನ್ನುವಾಗ ತಲೆಗೆ ಬಟ್ಟೆ ಬಿಗಿದುಕೊಳ್ಳಬೇಕಂತೆ, ಇಲ್ಲದಿದ್ದರೆ ಮರೆವು ನಮಗೂ ಹತ್ತುತ್ತದೆ.

ಚರ್ಮದ ಮಾತು ಬಂತಲ್ಲ, ಈಗ ಐರ್ಲೆಂಡಿನ ಸಂತ ಕೆವಿನ್ ಕಥೆ ಕೇಳಿ. ಗ್ಲೆಂಡಲಾಕ್ ಎಂಬ ಕಣಿವೆಯಲ್ಲಿ, ಕೊಳದ ದಂಡೆಯಲ್ಲಿ ಅವನ ಮಠ. ಒಮ್ಮೆ ಅವನ ಪ್ರಾರ್ಥನೆಯ ಪುಸ್ತಕ ನೀರಿಗೆ ಬಿದ್ದಾಗ ನೀರುನಾಯಿ ಮುಳುಗಿ ತಂದುಕೊಟ್ಟಿತು, ಒಂದಕ್ಷರವೂ ಅಳಿಸಿರಲಿಲ್ಲ. ಅದೇ ನೀರುನಾಯಿ ದಿನಾ ಮಠಕ್ಕೆ ಒಂದು ಸಾಲ್ಮನ್ ಮೀನು ತಂದು ಕೊಡುತ್ತಿತ್ತು. ಒಂದು ದಿನ ಒಬ್ಬ ಸನ್ಯಾಸಿ, ‘ಇದರ ಚರ್ಮದಲ್ಲಿ ಒಳ್ಳೆ ಕೈಗವಸು ಆಗುತ್ತದೆ’ ಎಂದು ಮನಸ್ಸಿನಲ್ಲೇ ಅಂದುಕೊಂಡ. ಬಾಯಿಬಿಟ್ಟು ಹೇಳಲೂ ಇಲ್ಲ. ಮರುದಿನದಿಂದ ನೀರುನಾಯಿ ಬರಲಿಲ್ಲ. ಮೀನೂ ಬರಲಿಲ್ಲ.

ಬ್ರಿಟನ್ನಿನ ಉತ್ತರದಲ್ಲಿ 7ನೇ ಶತಮಾನದ ಸಂತ ಕತ್‌ಬರ್ಟ್ ರಾತ್ರಿಯಿಡೀ ಕುತ್ತಿಗೆವರೆಗೆ ಸಮುದ್ರದಲ್ಲಿ ನಿಂತು ಪ್ರಾರ್ಥನೆ ಮಾಡುತ್ತಿದ್ದ. ಬೆಳಗಾಗಿ ಮೇಲೆ ಬಂದಾಗ ಎರಡು ನೀರುನಾಯಿಗಳು ಹಿಂದೆಯೇ ಬಂದು, ಉಸಿರಿನಿಂದ ಅವನ ಪಾದ ಬೆಚ್ಚಗೆ ಮಾಡಿ, ತಮ್ಮ ರೋಮದಿಂದ ಒರೆಸಿದವು. ಇಲ್ಲಿ ಚರ್ಮ ಇನ್ನೂ ನೀರುನಾಯಿಯ ಮೈಮೇಲೆಯೇ ಇದೆ ನೋಡಿ. ಅದು ತಾನಾಗಿ ಕೊಟ್ಟ ಬಿಸುಪು.

ಉತ್ತರ ಯುರೋಪಿನ ಹಳೆಯ ನಾರ್ಸ್ ಜನರು ಇದೇ ಮಾತನ್ನು ಭಯಂಕರವಾಗಿ ಹೇಳಿದ್ದಾರೆ. ಓಟ್ರ್ ಎಂಬ ಹುಡುಗ ಹಗಲು ನೀರುನಾಯಿಯ ರೂಪ ತಾಳಿ ಜಲಪಾತದ ಬುಡದಲ್ಲಿ ಮೀನು ಹಿಡಿಯುತ್ತಿದ್ದ. ಕಣ್ಣು ಮುಚ್ಚಿಕೊಂಡು ಸಾಲ್ಮನ್ ತಿನ್ನುತ್ತಿದ್ದಾಗ ಲೋಕಿ ಎಂಬ ದೇವರು ಕಲ್ಲು ಬೀಸಿ ಕೊಂದ. ಒಂದೇ ಏಟಿಗೆ ನೀರುನಾಯಿಯೂ ಸಿಕ್ಕಿತು, ಮೀನೂ ಸಿಕ್ಕಿತು ಎಂದು ಜಂಬ ಬೇರೆ. ಅವತ್ತು ರಾತ್ರಿ ದೇವತೆಗಳು ಉಳಿಯಲು ಹೋದದ್ದು ಆ ಹುಡುಗನ ಅಪ್ಪನ ಮನೆಗೇ! ಚರ್ಮ ತೋರಿಸಿದರು, ಸಿಕ್ಕಿಬಿದ್ದರು. ದಂಡ ಏನೆಂದರೆ, ಆ ಚರ್ಮದೊಳಗೆ ಚಿನ್ನ ತುಂಬಬೇಕು, ಹೊರಗೂ ಪೂರ್ತಿ ಮುಚ್ಚುವಷ್ಟು ಸುರಿಯಬೇಕು. ಲೋಕಿ ಒಬ್ಬ ಕುಳ್ಳನನ್ನು ಹಿಡಿದು ಅವನ ಚಿನ್ನವನ್ನೆಲ್ಲ ಕಿತ್ತುಕೊಂಡ. ಕೊನೆಯ ಉಂಗುರಕ್ಕೆ ಕೈ ಹಾಕಿದಾಗ ಕುಳ್ಳ ಶಾಪ ಹಾಕಿದ. ಚರ್ಮ ತುಂಬಿತು, ಮುಚ್ಚಿತು. ಅಪ್ಪ ಬಗ್ಗಿ ನೋಡಿದ. ‘ಒಂದು ಮೀಸೆಯ ಕೂದಲು ಕಾಣುತ್ತಿದೆ’ ಎಂದ. ಅದನ್ನು ಮುಚ್ಚಲು ಆ ಶಾಪದ ಉಂಗುರವನ್ನೇ ಇಡಬೇಕಾಯಿತು. ಮುಂದೆ ಆ ಚಿನ್ನಕ್ಕಾಗಿ ಮಕ್ಕಳೇ ಅಪ್ಪನನ್ನು ಕೊಂದರು. ಆ ಭಾಷೆಯ ಕವಿಗಳು ಚಿನ್ನಕ್ಕೆ ‘ನೀರುನಾಯಿಯ ದಂಡ’ ಎಂದೇ ಹೆಸರಿಟ್ಟುಬಿಟ್ಟರು.

ಕೂದಲು ಎಂದು ಕಥೆಗಾರ ಸುಮ್ನೆ ಆರಿಸಿಲ್ಲ. ಕಲಕಿದ ನೀರಿನಲ್ಲಿ ನೀರುನಾಯಿ ಮೀನಿನ ಚಲನೆ ಗುರುತಿಸುವುದೇ ಆ ಮೀಸೆಯಿಂದ.

ಈಗ ನಿಮ್ಮ ಮೊಬೈಲಿನ ‘ಆತ್ಮದ ಪ್ರಾಣಿ’ಗೆ ಬರೋಣ. ಆ ಬರಹಗಳು ಸಾಮಾನ್ಯವಾಗಿ ಅಮೆರಿಕದ ಮೂಲನಿವಾಸಿಗಳ ಹೆಸರು ಹೇಳುತ್ತವೆ. ಆದರೆ ಅವರೆಲ್ಲ ಒಂದೇ ಜನ ಅಲ್ಲ, ಒಂದೇ ಮಾತು ಹೇಳಿಲ್ಲ. ದೊಡ್ಡ ಸರೋವರಗಳ ಸುತ್ತಲಿನ ಓಜಿಬ್ವೆ ಜನರಲ್ಲಿ ಮಿಡೇವಿವಿನ್ ಎಂಬ ವೈದ್ಯರ ಸಂಘ ಇದೆ. ರೋಗ ವಾಸಿ ಮಾಡುವ ಗುಟ್ಟು ಮನುಷ್ಯರಿಗೆ ಬಂದದ್ದು ನೀರುನಾಯಿಯ ಮೂಲಕ ಎಂದು ಅವರ ಕಥೆ. ಹಾಗಾಗಿ ಅವರ ಮದ್ದಿನ ಚೀಲ ಇಡೀ ನೀರುನಾಯಿಯ ಚರ್ಮದ್ದು. ದೀಕ್ಷೆ ಕೊಡುವಾಗ ಆ ಚೀಲವನ್ನು ಶಿಷ್ಯನ ಕಡೆ ಚಾಚುತ್ತಾರೆ, ಅದರಿಂದ ಒಂದು ಬಿಳಿ ಕವಡೆ ಅವನ ಮೈಹೊಕ್ಕ ಹಾಗೆ. ಅವನು ಸತ್ತಂತೆ ಬೀಳುತ್ತಾನೆ, ಹೊಸಬನಾಗಿ ಏಳುತ್ತಾನೆ. ನಮ್ಮ ಎಲ್ಲಮ್ಮನ ಜೋಗತಿಯರ ಕೊರಳಲ್ಲೂ ಕವಡೆಯೇ ಅಲ್ವಾ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತು. ಆದರೆ ಅಷ್ಟರಿಂದಲೇ ನಂಟು ಹೆಣೆಯಬೇಡಿ.

ಅಲಾಸ್ಕಾದ ಕರಾವಳಿಯ ಟ್ಲಿಂಗಿಟ್ ಜನರಲ್ಲಿ ಪೂರ್ತಿ ಉಲ್ಟಾ. ನೀರಿಗೆ ಬಿದ್ದವರನ್ನು, ಕಾಡಿನಲ್ಲಿ ದಾರಿ ತಪ್ಪಿದವರನ್ನು ನೀರುನಾಯಿ-ಮನುಷ್ಯರು ಕರೆದೊಯ್ದು ತಮ್ಮಂತೆ ಮಾಡಿಕೊಳ್ಳುತ್ತಾರೆ. ಬಂಧುಗಳ ರೂಪದಲ್ಲಿ ಬರುತ್ತಾರೆ. ಕತ್ತಲಲ್ಲಿ ಸಿಳ್ಳೆ ಕೇಳುತ್ತದೆ. ಅವುಗಳಿಂದ ಕಾಯುವುದು ಯಾರು ಗೊತ್ತಾ? ನೆಲದ ನಾಯಿ! ನೀರುನಾಯಿ ನಿಜವಾಗಿಯೂ ಸಿಳ್ಳೆಯಂಥ ಸದ್ದು ಮಾಡುತ್ತದೆ, ನೀವೂ ಕೇಳಿರಬಹುದು. ಹೆಣವೂ ಸಿಗದಷ್ಟು ತಣ್ಣನೆಯ ಆಳದ ನೀರಿನ ದಂಡೆಯಲ್ಲಿ ಬದುಕುವವರಿಗೆ ಆ ಸದ್ದು ಹೇಗೆ ಕೇಳಿಸಿರಬೇಕು, ಯೋಚಿಸಿ. ಒಬ್ಬರಿಗೆ ವೈದ್ಯ, ಇನ್ನೊಬ್ಬರಿಗೆ ಜೀವ ಕದಿಯುವವನು. ಎರಡನ್ನೂ ಕಲಸಿ ‘ಸಂತೋಷ ಬರುತ್ತದೆ’ ಎಂದು ಬರೆದರೆ ಓಜಿಬ್ವೆಯವರಿಗೂ ಅನ್ಯಾಯ, ಟ್ಲಿಂಗಿಟ್‌ನವರಿಗೂ ಅನ್ಯಾಯ.

ಚರ್ಮದ ಕಥೆ ಹಳೆಯದಾಗಿ ಮುಗಿದಿಲ್ಲ. ಟಿಬೆಟಿಯನ್ನರ ಹಬ್ಬದ ನಿಲುವಂಗಿಯ ಅಂಚಿಗೆ ನೀರುನಾಯಿಯ ಚರ್ಮ ಹಚ್ಚುವ ರೂಢಿ ಇತ್ತು. ಅದಕ್ಕೆ ಭಾರತದ ಹೊಳೆಗಳಿಂದ ಕಳ್ಳಸಾಗಣೆ ಆಗುತ್ತಿತ್ತು. 2003ರಲ್ಲಿ ಟಿಬೆಟಿನಲ್ಲಿ ಒಂದೇ ದಾಳಿಯಲ್ಲಿ 31 ಹುಲಿ, 581 ಚಿರತೆ, 778 ನೀರುನಾಯಿ ಚರ್ಮಗಳು ಸಿಕ್ಕವು. ಹುಲಿಯ ಲೆಕ್ಕ ಎಲ್ಲರಿಗೂ ನೆನಪಿದೆ. 778ರ ಬಗ್ಗೆ ಯಾರೂ ಮಾತಾಡಲಿಲ್ಲ. 2006ರ ಜನವರಿಯಲ್ಲಿ ಆಂಧ್ರದ ಅಮರಾವತಿಯಲ್ಲಿ ಟಿಬೆಟಿಯನ್ ಬೌದ್ಧರ ಕಾಲಚಕ್ರ ಪೂಜೆ ನಡೆದಾಗ ದಲೈ ಲಾಮಾ, ಇಂಥ ಬಟ್ಟೆ ಹಾಕಿದವರನ್ನು ನೋಡಿದರೆ ನಾಚಿಕೆಯಾಗುತ್ತದೆ ಎಂಬ ಅರ್ಥದ ಮಾತಾಡಿದರು. ಅದಾಗಿ ಕೆಲವೇ ವಾರಗಳಲ್ಲಿ ಟಿಬೆಟಿನಲ್ಲಿ ಜನ ತಲೆತಲಾಂತರದ ಬೆಲೆಬಾಳುವ ಅಂಚುಗಳನ್ನು ಕಿತ್ತು ಬೀದಿಯಲ್ಲಿ ರಾಶಿ ಹಾಕಿ ಸುಟ್ಟರು. ಕೆವಿನ್ನನ ಮಠದ ಆ ಸನ್ಯಾಸಿಯ ಕಥೆಯನ್ನು ತಿರುಗಿಸಿ ಹೇಳಿದ ಹಾಗಿದೆ ಇದು.

ಇನ್ನು ನಿಮ್ಮ ಹೊಳೆ. ನಮ್ಮ ದೇವರುಗಳ ವಾಹನದ ಸಾಲಿನಲ್ಲಿ ಇಲಿ ಇದೆ, ನವಿಲಿದೆ, ಭೈರವನಿಗೆ ನಾಯಿ ಇದೆ. ನಿಮ್ಮಿಂದ ಮೇಲೆ ಅದೇ ತುಂಗಭದ್ರೆಯ ಸೀಮೆಯ ಮೈಲಾರದಲ್ಲಿ ಗೊರವರು ನಾಯಿಯ ಹಾಗೆ ಬೊಗಳಿ ಮೈಲಾರಲಿಂಗನ ಸೇವೆ ಮಾಡುತ್ತಾರೆ. ನೆಲದ ನಾಯಿಗೆ ಅಷ್ಟು ದೊಡ್ಡ ಪಟ್ಟ ಸಿಕ್ಕಿದೆ, ನೀರಿನ ನಾಯಿಗೆ ಸಿಕ್ಕಿಲ್ಲ. ಸಿಕ್ಕಿದ್ದು ಸರ್ಕಾರದ ಒಂದು ಆದೇಶ. ಮುದ್ಲಾಪುರದಿಂದ ಕಂಪ್ಲಿವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದರು. ದೇಶದಲ್ಲೇ ಮೊದಲನೆಯದು. ನೀವು ಕಂಡದ್ದು ಅಲ್ಲಿಯ ನುಣುಪು ರೋಮದ ಜಾತಿ. ಒಂದೊಂದು 7ರಿಂದ 11 ಕಿಲೋ ತೂಗುತ್ತದೆ, ಮನೆಮಂದಿಯೆಲ್ಲ ಸೇರಿ ಬೇಟೆಗೆ ಹೊರಡುತ್ತದೆ. ಎದ್ದು ನಿಂತು ನೋಡಿದ್ದು ನಿಮಗೇನೋ ಹೇಳಲು ಅಲ್ಲ. ಗುಂಪಿನಲ್ಲಿ ಮರಿ ಇದ್ದಿರಬೇಕು, ನೀವು ಯಾರು ಅಂತ ಅಳೆಯುತ್ತಿತ್ತು.

ಮಾವನವರ ಸಿಟ್ಟು ನ್ಯಾಯವಾದದ್ದೇ. ಒಂದು ಬಲೆಯ ಬೆಲೆ ಎಷ್ಟು, ಅದನ್ನು ಹೆಣೆಯಲು ಎಷ್ಟು ದಿನ ಬೇಕು ಎಂದು ಸಂತರ ಕಥೆ ಹೇಳುವವರಿಗೆ ಗೊತ್ತಿರುವುದಿಲ್ಲ. ಆದರೂ ಅವರಿಗೆ ಇದೊಂದು ಹೇಳಿ: ಬಾಂಗ್ಲಾದೇಶದ ನಡಾಯಿಲ್ ಜಿಲ್ಲೆಯ ಬೆಸ್ತರು ಇದೇ ಜಾತಿಯ ನೀರುನಾಯಿಗಳನ್ನು ಸಾಕಿ, ಹಗ್ಗ ಕಟ್ಟಿ, ದೋಣಿಯ ಪಕ್ಕ ನೀರಿಗೆ ಬಿಡುತ್ತಾರೆ. ಅವು ಮೀನನ್ನು ಬೆದರಿಸಿ ಬಲೆಗೆ ತಳ್ಳುತ್ತವೆ. ತಲೆಮಾರುಗಳಿಂದ ನಡೆದುಬಂದ ಕಸುಬು. ನಮ್ಮಲ್ಲಿ ಇದು ಕಾನೂನಿಗೆ ವಿರುದ್ಧ, ಪ್ರಯೋಗಕ್ಕೆ ಇಳಿಯುವುದು ಬೇಡ. ಅಲ್ಲಿನ ಬೆಸ್ತರ ಬಾಯಲ್ಲಿ ಅದಕ್ಕೆ ಪೀಡೆ ಎಂಬ ಹೆಸರಿಲ್ಲ ಅನ್ನುವುದಕ್ಕೆ ಹೇಳಿದೆ. ಹೊಳೆಗೆ ಸಿಡಿಮದ್ದು ಹಾಕಿ ಮೀನು ಕೊಲ್ಲುವವರು, ಮರಳು ಬಗೆಯುವವರು ನಿಮ್ಮ ಮಾವನಿಗೂ ವೈರಿ, ನೀರುನಾಯಿಗೂ ವೈರಿ.

ಚಿತ್ರ ಇಡಬಹುದಾ ಎಂದು ಕೇಳಿದ್ದೀರಿ. ಧಾರಾಳವಾಗಿ ಇಡಿ, ದೋಷ ಏನೂ ಇಲ್ಲ. ಚರ್ಮ, ಉಗುರು, ಹಲ್ಲು, ತಾಯತ ಅಂತ ಯಾರಾದರೂ ಮಾರಲು ಬಂದರೆ ಮುಟ್ಟಬೇಡಿ, ಜೈಲಿಗೆ ಹೋಗುವ ಕೆಲಸ ಅದು. ಮತ್ತೆ ನೋಡಬೇಕು ಅನ್ನಿಸಿದರೆ ಬೆಳಗಿನ ಜಾವವೇ ಹೋಗಿ, ದೂರ ನಿಲ್ಲಿ, ತಿನ್ನಲು ಏನೂ ಎಸೆಯಬೇಡಿ. ಅವು ಎದ್ದು ಹೋದ ಮೇಲೆ ಬಂಡೆಯ ಹತ್ತಿರ ಹೋಗಿ ನೋಡಿ. ಮೀನಿನ ಹುರುಪೆ, ಸಣ್ಣ ಮುಳ್ಳು ತುಂಬಿದ ಹಿಕ್ಕೆ ಬಿದ್ದಿರುತ್ತದೆ, ಗಬ್ಬು ವಾಸನೆ. ಗುಂಪಿನವೆಲ್ಲ ಅದೇ ಜಾಗಕ್ಕೆ ಬಂದು ಹಾಕುತ್ತವೆ. ಬೇರೆ ಗುಂಪಿನವು ಬಂದು ಮೂಸಿ ನೋಡಿ, ಈ ಹೊಳೆಯಲ್ಲಿ ಯಾರಿದ್ದಾರೆ ಅಂತ ತಿಳಿದುಕೊಂಡು ಹೋಗುತ್ತವೆ.